ಮೂರನೇ ದಿನದ ಹಾಲು

14 ಸೆಪ್ಟೆಂಬರ್ 1999, ಮಂಗಳವಾರ

ಸ್ಕೂಲಿನ ಹಳೇಬೀಡು ಪ್ರವಾಸದ ಪಟ್ಟಿ ಮುಗಿಸಿದೆ. ನಲವತ್ತೆರಡು ಮಕ್ಕಳು. ಸೂಚನೆಗಳು ಪ್ರತಿ ವರ್ಷದವೇ — ಸಾಲಾಗಿ ನಡೆಯಿರಿ, ಗಲಾಟೆ ಬೇಡ, ಏನನ್ನೂ ಮುಟ್ಟಬೇಡಿ.

ಮನೆಗೆ ಬಂದರೆ ಸೈನ್ಯದ ಕಚೇರಿಯ ಕಾಗದ, ಇಂಗ್ಲಿಷಿನಲ್ಲಿ. ಬೆಂಗಳೂರಿನಲ್ಲಿ ಹೊಸ ಯುದ್ಧಸ್ಮಾರಕ — ಪಾರ್ಕು, ಮ್ಯೂಸಿಯಂ. ಕಾರ್ಗಿಲ್ ಆದ ಮೇಲೆ ಹಳಬರೂ ನೆನಪಾಗಿದ್ದಾರೆ. ಶ್ರೀಲಂಕಾದ ಜಾಫ್ನಾಕ್ಕೆ ಹೋದವರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿದ್ದಾರಂತೆ. ನನ್ನ ಗಂಡನದೂ. ಲಾನ್ಸ್ ನಾಯಕ್ ಭೀಮರಾಜ್.

ಅಕ್ಟೋಬರ್ 17ಕ್ಕೆ ಮನೆಯವರಲ್ಲಿ ಇಬ್ಬರು ಬರಬಹುದು. ಅಲ್ಲೂ ಸೂಚನೆಗಳು: ತಿಳಿಬಣ್ಣದ ಬಟ್ಟೆ. ಮೌನ. ತಿನ್ನುವ ಪದಾರ್ಥ, ಪೂಜಾ ಸಾಮಗ್ರಿ ತರಕೂಡದು.

ಇಬ್ಬರು. ಅಂದರೆ ನಾನು, ಅತ್ತೆ... ಒಬ್ಬಳೇ ಹೋದರೆ?

23 ಸೆಪ್ಟೆಂಬರ್

ಕಾಗದ ಪಾಠದ ಟಿಪ್ಪಣಿ ಪುಸ್ತಕದೊಳಗೇ ಇದೆ. ಒಂಬತ್ತು ದಿನ. ಇಟ್ಟ ಜಾಗ ನೋಡಿ ನನಗೇ ಗಾಬರಿ. ಎಂಬತ್ತೇಳರಲ್ಲಿ ಸೈನ್ಯದಿಂದ ಬಂದ ಆ ಟೆಲಿಗ್ರಾಂ ಇಟ್ಟದ್ದೂ ಇಂಥದೇ ಪುಸ್ತಕದಲ್ಲಿ.

ಓದಿದೆ, ಮಡಚಿಟ್ಟೆ. ನಾಲ್ಕು ದಿನ ಸ್ಕೂಲಿಗೆ ಹೋದೆ, ಪಾಠ ಮಾಡಿದೆ, ಯಾರಿಗೂ ಹೇಳಲಿಲ್ಲ. ಐದನೇ ದಿನ ಪೇದೆಯೊಬ್ಬ ಹಾರನಹಳ್ಳಿಗೆ ಹೋಗಿ ಅತ್ತೆಗೆ ಹೇಳಿದ. ದೇಹ ಬರಲಿಲ್ಲ. ಅಲ್ಲೇ ಸುಟ್ಟರಂತೆ. ನಮ್ಮಲ್ಲಿ ಮಣ್ಣು ಮಾಡುವುದು. ಮೂರನೇ ದಿನ ಆ ಮಣ್ಣಿನ ಮೇಲೆ ಹಾಲು ತುಪ್ಪ ಬಿಡುವುದು. ಮಣ್ಣೂ ಸಿಗಲಿಲ್ಲ. ಮೂರನೇ ದಿನ ನನ್ನ ಪುಸ್ತಕದೊಳಗೆ ಕಳೆದುಹೋಯಿತು.

ಅಂದಿನಿಂದ ಅತ್ತೆ ನನ್ನೊಡನೆ ಮಾತಾಡುವುದು ಬಯ್ಯಲಿಕ್ಕೆ ಮಾತ್ರ. ನಾನು ಹೋಗುವುದನ್ನೇ ಬಿಟ್ಟೆ.

26 ಸೆಪ್ಟೆಂಬರ್, ಭಾನುವಾರ

ಹಾರನಹಳ್ಳಿಗೆ ಹೋಗಿಬಂದೆ. ಅತ್ತೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ನನ್ನ ಕೈಯಲ್ಲಿದ್ದ ಕಾಗದವನ್ನು ಓರೆಗಣ್ಣಿನಲ್ಲಿ ನೋಡಿದರು, ತಲೆ ಎತ್ತಲಿಲ್ಲ.

"ಬಂದವ್ಳೆ ನೋಡ್ಲಾ ರವಿ, ಮೇಡಮ್ಮ. ಯಾವ್ ಕಾಗ್ದ ಬಂತಂತೆ ಕೇಳು. ಬಂದು ಎಷ್ಟ್ ದಿನ ಆಯ್ತು ಅಂತ್ಲೂ ಕೇಳು."

"ಹನ್ನೆರಡು," ಅಂದೆ. ಸುಳ್ಳು ಹೇಳಬಹುದಿತ್ತು.

"ಆಗ ನಾಕು, ಈಗ ಹನ್ನೆರಡು. ಪರ್ವಾಗಿಲ್ಲ, ಮುಂದ್ ಬಂದವ್ಳೆ."

"ಅವ್ವ, ಅತ್ತಿಗೆ ಹೇಳ್ಲಿ ಬಿಡು," ಅಂದ ಮೈದುನ ರವಿಕುಮಾರ್.

ಹೇಳಿದೆ. ಕಲ್ಲು, ಹೆಸರು ಅಂದಾಗ ಮೊರ ಕೆಳಗಿಟ್ಟರು.

"ನನ್ ಮಗುಂಗೆ ಸಮಾಧಿ ಕಟ್ಟವ್ರಾ?"

"ಸಮಾಧಿಯಲ್ಲ ಅತ್ತೆ. ಅಡಿಯಲ್ಲಿ ಏನೂ ಇಲ್ಲ. ಬರೀ ಹೆಸರು."

"ಹೆಸ್ರು ಐತಲ್ಲ, ಸಾಕು. ಹಾಲ್ ತಕ್ಕಂಡ್ ಬತ್ತೀನಿ."

"ಅಲ್ಲಿ ಅದೆಲ್ಲ ಬಿಡಲ್ಲ. ಅಂಥ ಕಡೆ ಮರ್ಯಾದೆಯಿಂದ ನಡ್ಕೋಬೇಕು."

"ಮರ್ವಾದೆ! ಹನ್ನೆರಡ್ ವರ್ಸ ಹಾಲಿಲ್ದೆ ಒಣಗವ್ನೆ ನನ್ ಮಗ. ನೀನು ನಂಗೆ ಮರ್ವಾದೆ ಹೇಳ್ಕೊಡ್ತೀಯೇನೇ?"

ರವಿ ತಂದ ಕಾಫಿ ಕುಡಿಯದೆ ಎದ್ದುಬಂದೆ. ಬಸ್ಸಿನಲ್ಲಿ ಟಿಕೆಟ್ಟನ್ನು ಹರಿದು ಹರಿದು ಚೂರು ಮಾಡಿದೆ. ಪಶ್ಚಾತ್ತಾಪ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಅಲ್ಲ. ಸಿಟ್ಟು. ಅವರ ಮೇಲೇ.

5 ಅಕ್ಟೋಬರ್

ಬೂತಿನಿಂದ ಕಚೇರಿಗೆ ಫೋನ್ ಮಾಡಿದೆ. ಒಂದು ಲೋಟ ಹಾಲು, ಅಷ್ಟೇ, ಅಂದೆ.

"ಹೂವು ನಾವೇ ಕೊಡ್ತೀವಿ ಮೇಡಂ. ಹಾಲು ಗೀಲು ಬೇಡ. ಗ್ರಾನೈಟಿಗೆ ಕಲೆ ಆಗುತ್ತೆ."

ತಾಳ್ಮೆಯ ದನಿ. ಹಳೇಬೀಡಿನಲ್ಲಿ ಮಕ್ಕಳಿಗೆ ನಾನು ಹೇಳುವ ದನಿ. ಥ್ಯಾಂಕ್ಸ್ ಹೇಳಿ ಇಟ್ಟೆ. ಆಚೆ ಬಂದ ಮೇಲೆ ಮೈಯೆಲ್ಲ ಉರಿಯಿತು.

10 ಅಕ್ಟೋಬರ್

ರವಿ ಬಂದಿದ್ದ. "ಅವ್ವ ನಿಮ್ ಜೊತೆ ಬರಕಿಲ್ವಂತೆ, ಅತ್ತಿಗೆ. ಬೇಕಾದ್ರೆ ನೀವೇ ಅವ್ವನ್ ಜೊತೆ ಬರ್ಬೋದಂತೆ."

ನಗು ಬಂತು. ಅವನಿಗೂ.

17 ಅಕ್ಟೋಬರ್, ಬೆಳಗ್ಗೆ 5.40, ಅರಸೀಕೆರೆ ಸ್ಟೇಷನ್

ಗಾಡಿ ಇಪ್ಪತ್ತು ನಿಮಿಷ ತಡ. ಬೆಂಚಿನ ಆ ತುದಿಗೆ ಅತ್ತೆ, ಈ ತುದಿಗೆ ನಾನು. ನಡುವೆ ಅವರ ಹಿತ್ತಾಳೆ ಚೊಂಬು, ಬಾಯಿಗೆ ಬಟ್ಟೆ ಕಟ್ಟಿದ್ದು. ಸ್ಕೂಲಿಗೆ ಒಯ್ಯುವ ಫ್ಲಾಸ್ಕನ್ನು ತೊಳೆದು, ಖಾಲಿ ತಂದಿದ್ದೆ.

"ಇದಕ್ಕೆ ಹಾಕಿ ಅತ್ತೆ. ಗೇಟಲ್ಲಿ ಕೇಳಿದ್ರೆ ಟೀ ಅಂತೀನಿ."

"ಮುಚ್ಚಿಡಾದು ನಿಂಗೆ ಚೆನ್ನಾಗ್ ಬತ್ತದೆ."

ಆದರೂ ಹಾಕಿದರು. ಒಂದು ಹನಿ ಚೆಲ್ಲಲಿಲ್ಲ.

"ಮೊದಲು ಯಾರು ಬಿಡಬೇಕು?"

"ನೀನೇ. ಬಿಟ್ಟು, ಬಾಯ್ಬಿಟ್ಟು ಹೇಳ್ಬೇಕು."

"ಏನಂತ?"

"ಸತ್ತ ಅಂತ. ನಾಕ್ ದಿನ ನುಂಗ್ಕಂಡಿದ್ಯಲ್ಲ, ಅದ್ನ. ಇಂಗ್ಲೀಸ್ನಲ್ಲಿ ಬ್ಯಾಡ. ನಂಗೆ ಕೇಳಂಗೆ."

ಹನ್ನೆರಡು ವರ್ಷದಲ್ಲಿ ಯಾರಿಗೂ ಹೇಳಿಲ್ಲ. ಫಾರಂ ತುಂಬುವಾಗ ಹೆಸರಿಗೆ ಮೊದಲು 'ಲೇಟ್' ಎಂದು ಹಾಕಿದ್ದೇನೆ. ನನ್ನ ಮಾತಾಗಿ ಈ ಪುಸ್ತಕದಲ್ಲೂ ಬರೆದಿಲ್ಲ — ಈಗ ತಿರುವಿ ನೋಡಿದೆ. ಗಾಡಿ ಬರುವಷ್ಟರಲ್ಲಿ ಒಮ್ಮೆ ಬರೆದು ನೋಡುತ್ತೇನೆ. ಅತ್ತೆಗೆ ಓದು ಬಾರದು. ಆದರೂ ನನ್ನ ಪೆನ್ನನ್ನೇ ನೋಡುತ್ತಿದ್ದಾರೆ.

ಭೀಮರಾಜ್