ಕೆಂಚ ಮುಖ ಮಾಡಿ ಮಲಗಿದ ಕಡೆ

ಶಹಾಪುರ
9 ಜನವರಿ 2025

ಮಲ್ಕಪ್ಪಣ್ಣನಿಗೆ,

ಅದು ಯಾವ ಕಡೆ ಮುಖ ಮಾಡಿ ಮಲಗುತ್ತದೋ ಆ ಕಡೆಯಿಂದಲೇ ತೋಳ ಬರುತ್ತದೆ ಎಂದೆಯಲ್ಲ, ಅದರ ಹಿಂದೆ ಇನ್ನೊಂದು ಮಾತೂ ಇತ್ತು. ಕೆಂಚನನ್ನು ನಮ್ಮ ಬಾಗಿಲಿಗೆ ಕಟ್ಟಿ, ಹಗ್ಗದ ಗಂಟು ಬಿಗಿಯುತ್ತ, ನನಗೆ ಹೇಳಿದೆಯೋ ನಾಯಿಗೆ ಹೇಳಿದೆಯೋ ತಿಳಿಯದ ಹಾಗೆ ಹೇಳಿದ್ದೆ. ಮೊದಲರ್ಧ ಮಾತ್ರ ನನ್ನಲ್ಲಿ ಉಳಿಯಿತು. ಹದಿನೈದು ದಿನ ಸಮುದ್ರದ ದಂಡೆಯಲ್ಲಿ ಉಳಿದರ್ಧವನ್ನು ಹುಡುಕಿದೆ.

ಮೊದಲು ನಮಸ್ಕಾರ ಬರೆಯಬೇಕಿತ್ತು. ನಿನಗೂ ಶೇಖಮ್ಮ ವೈನಿಗೂ ನಮಸ್ಕಾರ. ನಾವು ಭಾನುವಾರವೇ ತಿರುಗಿ ಬಂದೆವು. ಸುರಪುರದ ಆಚೆ ನಿನ್ನ ಹಿಂಡು ಯಾರ ಹೊಲದಲ್ಲಿ ಕೂತಿದೆ ಎಂಬುದೂ ಗೊತ್ತಿತ್ತು. ಒಂದು ತಾಸಿನ ದಾರಿಗೆ ನಾಲ್ಕು ದಿನ ಮಾಡಿ, ಕೊನೆಗೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ‘ಹೂಂ’ ಎನ್ನುತ್ತೀ, ನಾನೂ ‘ಹೂಂ’ ಎನ್ನುತ್ತೇನೆ, ಅಷ್ಟಕ್ಕೇ ಮುಗಿಯುತ್ತದೆ.

ಇದರಲ್ಲಿ ಕೆಲವು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಬರೆದರೆ ಅವು ನಿಂತಲ್ಲಿ ನಿಲ್ಲುತ್ತವೆ. ಸೆಪ್ಟೆಂಬರಿನಲ್ಲಿ ನಿನ್ನ ಮಗ ಮರಿಲಿಂಗ ಕಡೇಚೂರಿನ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯಲು ಇಳಿದ. ಒಳಗಿನ ಗಾಳಿ ಕೆಟ್ಟಿತ್ತು. ಮೇಲೆ ಬರಲಿಲ್ಲ. ಆ ಪಾಳಿಯ ಸುಪರ್‌ವೈಜರ್ ಅವನ ಮಾಮನೇ, ಅಂದರೆ ನಮ್ಮ ಮನೆಯ ಇವರು. ಅವನನ್ನು ಕೆಲಸಕ್ಕೆ ಹಚ್ಚಿದವರೂ ಇವರೇ. ಹುಡುಗ ಯಾರನ್ನೂ ಕೇಳದೆ ಇಳಿದ ಎಂದು ಕಾರ್ಖಾನೆಯವರು ಬರೆದರು; ಇವರ ಹೇಳಿಕೆಯಲ್ಲೂ ಅದೇ ಇದೆ. ಯಾದಗಿರಿಯ ಕಾರ್ಮಿಕ ಇಲಾಖೆಯ ಆಫೀಸಿನಲ್ಲಿ ಅದನ್ನು ಓದಿದಾಗ ನೀನು ಒಂದೇ ಮಾತು ಆಡಿದ್ದೆ. “ಹಟ್ಟ್ಯಾಗ ಕೇಳದ ನೀರ ಸೈತ ಕುಡದವಲ್ಲ ಅವ. ಟ್ಯಾಂಕಿನ್ಯಾಗ ಕೇಳದ ಹ್ಯಾಂಗ ಇಳದಾನ್ರಿ?” ಇದೇ ಹದಿನಾರಕ್ಕೆ ಮತ್ತೆ ವಿಚಾರಣೆ.

ಇವರು ಆ ದಿನದಿಂದ ಕಾರ್ಖಾನೆಗೆ ಹೋಗಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಹಳೆಯ ಟೆಂಪೋ ಟ್ರಾವೆಲರ್ ತಂದು ಹಿತ್ತಲಲ್ಲಿ ನಿಲ್ಲಿಸಿದರು. ಯಾದಗಿರಿಯಿಂದ ವೆಲ್ಡಿಂಗಿನ ಮಸ್ತಾನಸಾಬ ಬಂದು ಸೀಟು ಕಿತ್ತು ಎರಡು ಮಂಚ ಕೂಡಿಸಿದ, ಒಲೆಗೆ ಕಟ್ಟೆ ಮಾಡಿದ, ನೆತ್ತಿಯ ಮೇಲೆ ನೀರಿನ ಟ್ಯಾಂಕು ಇಡಲು ಹೋದ. ಇವರು ಬೇಡವೆಂದರು, ಕೊಡಗಳೇ ಸಾಕು ಎಂದರು. ಮಸ್ತಾನಸಾಬ ನನ್ನ ಕಡೆ ತಿರುಗಿ, “ಟೀಚರಮ್ಮಾ, ಮನಿಗಿ ಗಾಲಿ ಹಚ್ಚಿ ಕೊಟ್ಟೀನಿ. ಖಿಡಕಿ ಆರು ಅದಾವ. ಬಾಗಲಾ ಮಾತ್ರ ಒಂದ. ಜಗಳ ಆದ್ರ ಇಬ್ಬರೂ ಒಂದ ಬಾಗಲದಾಗ ಹಾಯಬೇಕು ನೋಡ್ರಿ,” ಎಂದ. ನಾನು ನಕ್ಕೆ. ಇವರು ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು.

ಎಲ್ಲಿಗೆ ಎಂದು ಕೇಳಿದೆ. “ನೆಲಾ ಮುಗಿಯೋ ಜಾಗಾ ಒಮ್ಮೆ ನೋಡಬೇಕು,” ಎಂದರು. ಶಾಲೆಗೆ ರಜೆ ಬರೆದುಕೊಟ್ಟು, ಕೆಂಚನನ್ನೂ ಕರೆದುಕೊಂಡು ನಾನೂ ಹೊರಟೆ. ಅವರನ್ನು ಒಬ್ಬರೇ ಕಳಿಸಲು ಹೆದರಿದೆ ಎಂದು ಬರೆದರೆ ಸರಿಯಾದೀತು.

ಕೆಂಚ ಗಾಡಿಯೊಳಗೆ ಕಾಲಿಡಲಿಲ್ಲ. ಹಿಂಡಿನ ನಾಯಿ, ಹೊಸ್ತಿಲು ದಾಟಿ ಗೊತ್ತಿಲ್ಲ. ಗಾಡಿ ಓಡುವಾಗ ಬಾಗಿಲ ಒಳಮೆಟ್ಟಿಲ ಮೇಲೆ ಮುದುಡಿ ಕೂಡುತ್ತಿತ್ತು, ನಿಂತ ಕೂಡಲೇ ಹೊರಗೆ. ಮೊದಲ ಎರಡು ರಾತ್ರಿ ಘಟ್ಟದ ಮೇಲೆ ತಂಗಿದೆವು. ಅದು ಮೂಡಣಕ್ಕೆ, ಬಂದ ದಾರಿಗೆ, ಮುಖ ಮಾಡಿ ಮಲಗಿತು. ಊರು ನೆನೆಸಿದೆ ಎಂದುಕೊಂಡೆ. ಬೇಲೆಕೇರಿಯ ದಂಡೆಗೆ ಬಂದ ದಿನ ಸಮುದ್ರದ ಕಡೆ ಮುಖ ಮಾಡಬಹುದೆಂದು ಕಾದೆ. ಆ ಸದ್ದು ಅದಕ್ಕೆ ಹೊಸದು, ನನಗೂ. ಬೆಳಿಗ್ಗೆ ನೋಡಿದರೆ ಸಮುದ್ರಕ್ಕೆ ಬೆನ್ನು ಹಾಕಿ, ಮುಂಗಾಲ ಮೇಲೆ ಗದ್ದ ಇಟ್ಟು, ಗಾಡಿಯ ಬಾಗಿಲನ್ನೇ ನೋಡುತ್ತಿತ್ತು. ಮರುದಿನವೂ ಹಾಗೆಯೇ. ಗಾಡಿಯ ತಲೆ ತಿರುಗಿಸಿ ನಿಲ್ಲಿಸಿದೆವು. ಅದು ಎದ್ದು ಸುತ್ತಿ ಬಂದು ಮತ್ತೆ ಬಾಗಿಲ ಎದುರಿಗೇ ಮಲಗಿತು.

ಬಾಗಿಲ ಒಳಗೆ ಇದ್ದವರು ನಾವಿಬ್ಬರೇ.

ದಿನಾ ಬೆಳಿಗ್ಗೆ, ಸಂಜೆ ನಡೆಯುತ್ತಿದ್ದೆವು. ಇವರು ನೀರಂಚಿನಲ್ಲಿ, ನಾನು ಒಣ ಮರಳಿನಲ್ಲಿ. ಇವರ ಹೆಜ್ಜೆಯಲ್ಲಿ ನೀರು ತುಂಬಿ, ನಾನು ತಲುಪುವ ಹೊತ್ತಿಗೆ ಅಲ್ಲಿ ಏನೂ ಇರುತ್ತಿರಲಿಲ್ಲ. ಕೆಂಚ ನನ್ನ ಜೊತೆ ಬರುತ್ತಿರಲಿಲ್ಲ, ಇವರ ಜೊತೆಯೂ ಅಲ್ಲ. ಹತ್ತು ಮಾರು ಬಿಟ್ಟು, ತಲೆ ತಗ್ಗಿಸಿ, ಇವರ ಹಿಂದೆ ಬರುತ್ತಿತ್ತು. ಹಟ್ಟಿಯ ಹತ್ತಿರ ಗುರುತಿಲ್ಲದವರು ಸುಳಿದಾಗ ನಮ್ಮ ನಾಯಿಗಳು ಹಾಗೆ ಹಿಂಬಾಲಿಸುವುದನ್ನು ನೀನೂ ನಾನೂ ಸಣ್ಣವರಿದ್ದಾಗಿನಿಂದ ನೋಡಿದ್ದೇವೆ. ಬೊಗಳುವುದಿಲ್ಲ. ಬಿಟ್ಟೂ ಹೋಗುವುದಿಲ್ಲ.

ಇವರ ಕೈಯಿಂದ ಅದು ರೊಟ್ಟಿ ಮುಟ್ಟಲಿಲ್ಲ. ಒಂದು ದಿನ ಇವರು ಚಾಚಿದ ಕೈಯನ್ನು ಹಾಗೆಯೇ ಬಹಳ ಹೊತ್ತು ಹಿಡಿದಿದ್ದರು.

“ನಾಯಿಗಿ ಎಲ್ಲಾ ಗೊತ್ತಿರತೈತಿ ಅಂತಾರ,” ಎಂದರು.

“ಏನ್ ಗೊತ್ತಿರತೈತ್ರಿ?”

“ಏನಿಲ್ಲ. ವಾಸನಿ.”

ರೊಟ್ಟಿಯನ್ನು ಕಾಗೆಗಳಿಗೆ ಎಸೆದು ಕೈ ತೊಳೆದುಕೊಂಡರು.

ಎಳ್ಳಮವಾಸ್ಯೆಯ ದಿನ ಧಾರೇಶ್ವರದಲ್ಲಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯೆ ಗಾಡಿಯಲ್ಲೇ ಮಾಡಿದೆ. ಹೊಲವಿಲ್ಲ, ಬೆಳೆಯಿಲ್ಲ, ಭೂಮಿತಾಯಿಗೆ ಚರಗದ ಅನ್ನ ಎಲ್ಲಿ ಚೆಲ್ಲಬೇಕು? ಮರಳಿನ ಮೇಲೆಯೇ ಚೆಲ್ಲೋಣ ಎಂದೆ. ಹೋದ ವರ್ಷ ನಿನ್ನ ಹೊಲದಲ್ಲಿ ಇವರು ಮುಂದೆ ಕೂಗುತ್ತ ಅನ್ನ ಚೆಲ್ಲಿದರು, ಮರಿಲಿಂಗ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ಹಿಂದೆ ಓಗೊಟ್ಟ. “ಮಾಮಾ, ಜೋರ ಕೂಗ್ರಿ, ಆಚಿ ಹೊಲದವ್ರು ನಮ್ದ ಬೆಳಿ ಮಲಗೈತಿ ಅಂದಾರು,” ಎಂದು ಕಾಡಿದ್ದ. ಈ ಸಲ ತಂಬಿಗೆ ನನ್ನ ಕೈಯಲ್ಲಿತ್ತು. ಇವರು ಬುಟ್ಟಿ ಹಿಡಿದು ಮುಂದೆ ನಡೆದರು, ಹಿಡಿ ಅನ್ನ ತೆಗೆದರು, ಬಾಯಿ ತೆರೆದರು. ನಾನು ಓಗೊಡಲು ಕಾದೆ. ಕೂಗು ಬರಲಿಲ್ಲ. ಅನ್ನ ಬೆರಳ ಸಂದಿಯಿಂದ ಉದುರಿತು. ತಲೆ ತಿರುಗಿಸದೆ ಇವರು ನಡೆಯುತ್ತ ಹೋದರು. ನೀರು ಮೊಣಕಾಲಿಗೆ ಬಂದಾಗ ಕೆಂಚ ಮೊದಲ ಸಲ ಬೊಗಳಿತು. ಇವರು ನಿಂತರು. ಹಾಗೆಯೇ ಹಿಂದಕ್ಕೆ ಬಂದು, “ಪಂಜೆ ತೊಯ್ದು ಹೋತು,” ಎಂದರು. ಊಟ ಮಾಡಿದೆವು.

ಮರುದಿನ ಬೆಳಿಗ್ಗೆ ಇವರೊಬ್ಬರೇ ದಂಡೆಗೆ ಹೋದರು. ಕೆಂಚ ಹಿಂದೆ ಹೋಗಲಿಲ್ಲ. ನಾನು ಚಹಾ ಇಟ್ಟಿದ್ದೆ, ಬಾಗಿಲು ತೆರೆದಿತ್ತು. ಅದು ಮೆಟ್ಟಿಲ ಮೇಲೆ ಮುಂಗಾಲು ಇಟ್ಟಿತು, ನನ್ನನ್ನು ನೋಡಿತು, ಒಳಗೆ ಬಂತು. ನೆಟ್ಟಗೆ ಇವರ ಮಂಚದ ಕೆಳಗಿನ ಪೆಟ್ಟಿಗೆಯ ಹತ್ತಿರ ಹೋಗಿ ಕೆರೆಯತೊಡಗಿತು. ಸಿಟ್ಟಿನಿಂದಲ್ಲ. ಕುರಿ ಬಿದ್ದ ಗುಂಡಿಯ ಅಂಚನ್ನು ಕೆರೆಯುತ್ತದಲ್ಲ, ಹಾಗೆ.

ಪೆಟ್ಟಿಗೆ ತೆಗೆದೆ. ಹಳೆಯ ಬೆಡ್‌ಶೀಟಿನ ಅಡಿಯಲ್ಲಿ ಮರಿಲಿಂಗನ ಕೆಂಪು ಚೌಕಳಿಯ ಟವೆಲ್ಲು. ಕೆಲಸಕ್ಕೆ ಹೋಗುವಾಗ ತಲೆಗೆ ಸುತ್ತಿಕೊಳ್ಳುತ್ತಿದ್ದದ್ದು. ಕೆಂಚ ಅದರೊಳಗೆ ಮೂಗು ಹುದುಗಿಸಿ ಅಲ್ಲೇ ಮಲಗಿಬಿಟ್ಟಿತು. ಆಗ ನಿನ್ನ ಉಳಿದರ್ಧ ಮಾತು ನೆನಪಿಗೆ ಬಂತು. “ಇಲ್ಲಾಂದ್ರ ತಪ್ಪಿಸಿಕೊಂಡ ಕುರಿ ಆ ಕಡಿಂದ ಬರತೈತಿ.”

ಟವೆಲ್ಲಿನ ಮಡಿಕೆಯಲ್ಲಿ ಒಂದು ಗುಲಾಬಿ ಚೀಟಿ ಇತ್ತು. ಟ್ಯಾಂಕಿಗೆ ಯಾರನ್ನಾದರೂ ಇಳಿಸುವ ಮೊದಲು ಅಂಥ ಚೀಟಿ ಬರೆಯಬೇಕೆಂದು ಇವರೇ ಎಂದೋ ಹೇಳಿದ್ದರು. ಮರಿಲಿಂಗನ ಹೆಸರು, ತಾರೀಖು, ಹತ್ತು ಗಂಟೆ ಇಪ್ಪತ್ತು ನಿಮಿಷ. ಒಳಗಿನ ಗಾಳಿ ಪರೀಕ್ಷಿಸಲಾಗಿದೆ, ಇಳಿಯಬಹುದು. ಕೆಳಗೆ ಇವರ ಸಹಿ.

ಹುಡುಗ ಕೇಳಿದ್ದ, ಅಣ್ಣಾ. ಕೇಳಿಯೇ ಇಳಿದಿದ್ದ.

ಇವರು ತಿರುಗಿ ಬಂದಾಗ ನಾಯಿ ಒಳಗಿತ್ತು. “ಒಳಗ ಬಿಟ್ಟೀ ಅದನ್ನ?” ಎಂದರು. “ಬಿಟ್ಟಿಲ್ರಿ. ತಾನ ಬಂದೈತಿ,” ಎಂದೆ. ತೆರೆದ ಪೆಟ್ಟಿಗೆಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಮೆಟ್ಟಿಲ ಮೇಲೆ, ಕೆಂಚ ಕೂಡುವ ಜಾಗದಲ್ಲಿ, ಕೂತರು. ಹೇಳಿದರು: “ಗಾಳಿ ನೋಡೋ ಮೀಟರ್ ಕೆಟ್ಟಿತ್ತು. ದಿನಾ ಹಂಗ ಸಹಿ ಮಾಡತಿದ್ವಿ. ದಿನಾ ಏನೂ ಆಗತಿರಲಿಲ್ಲ.” ಅಷ್ಟೇ. ಚೀಟಿ ತಿರುಗಿ ಕೊಡು ಎನ್ನಲಿಲ್ಲ. ಹರಿದುಹಾಕಬಹುದಿತ್ತಲ್ಲ, ಯಾಕೆ ಇಟ್ಟುಕೊಂಡಿರಿ ಎಂದು ನಾನೂ ಕೇಳಲಿಲ್ಲ. ತಿರುಗಿ ಬರುವ ದಾರಿಯುದ್ದಕ್ಕೂ ಚಹಾ ಬೇಕೇ, ನೀರು ಬೇಕೇ ಎಂಬಷ್ಟೇ ಮಾತು.

ಬಂದು ನಾಲ್ಕು ದಿನವಾದರೂ ಇವರು ಮನೆಯೊಳಗೆ ಬಂದಿಲ್ಲ. ಹಿತ್ತಲಲ್ಲಿ ನಿಂತ ಗಾಡಿಯಲ್ಲೇ ಇದ್ದಾರೆ. ಊಟವನ್ನು ಮೆಟ್ಟಿಲ ಮೇಲೆ ಇಟ್ಟು ಬರುತ್ತೇನೆ. ಟವೆಲ್ಲನ್ನು ನಾನು ಮನೆಯೊಳಗೆ ತಂದಿಟ್ಟೆ. ಕೆಂಚ ಅದರ ಹಿಂದೆ ಬರಲಿಲ್ಲ. ಈಗಲೂ ಗಾಡಿಯ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದೆ. ಕಾಯುತ್ತಿದೆಯೋ ತಡೆಯುತ್ತಿದೆಯೋ ನನಗೆ ತಿಳಿಯುವುದಿಲ್ಲ. ಹಿಂಡಿನ ಜೊತೆ ಬಾಳಿದವನು ನೀನು.

ಚೀಟಿಯನ್ನು ಈ ಕಾಗದದ ಜೊತೆ ಮಡಿಸಿ ಇಟ್ಟಿದ್ದೇನೆ. ಹದಿನಾರಕ್ಕೆ ಯಾದಗಿರಿಗೆ ತೆಗೆದುಕೊಂಡು ಹೋಗು. ಇವರಿಗೆ ಹೇಳಿಯೇ ಕಳಿಸುತ್ತಿದ್ದೇನೆ. ಗಾಡಿಯ ಹೊರಗೆ ನಿಂತು ಹೇಳಿದೆ. ವಿಚಾರಣೆಯಲ್ಲಿ ಇವರು ಏನು ಹೇಳುತ್ತಾರೋ, ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಬರುತ್ತೇನೆ, ನಿನ್ನ ಪಕ್ಕ ಕೂಡಲು ಜಾಗ ಕೊಟ್ಟರೆ ಅಲ್ಲಿ, ಇಲ್ಲವಾದರೆ ಗೋಡೆಯ ಹತ್ತಿರ.

ಚಳಿ ಬಹಳವಿದೆ, ಹೊಲದಲ್ಲಿ ಮಲಗುವಾಗ ಎರಡು ಕಂಬಳಿ ಹೊದ್ದುಕೋ. ವೈನಿಯ ಮೊಣಕಾಲಿಗೆ ಎಣ್ಣೆ ತಂದಿದ್ದೇನೆ. ನಿನ್ನ ಹಿಂಡಿಗೆ ಯಾವ ಕಡೆಯಿಂದಲೂ ಕೇಡು ಬಾರದಿರಲಿ.

ನಿನ್ನ ತಂಗಿ,
ಸುಮಲತಾ

ಮತ್ತೊಂದು ಮಾತು. ಆಫೀಸಿನಲ್ಲಿ ನಿನ್ನ ಮುಂದೆ ಓದಿದ ಆ ಹೇಳಿಕೆಯನ್ನು ಬರೆದವಳು ನಾನು. ತಮ್ಮ ಅಕ್ಷರ ಯಾರಿಗೂ ತಿಳಿಯುವುದಿಲ್ಲ ಎಂದು ಇವರು ಅಡುಗೆಮನೆಯಲ್ಲಿ ನಿಂತು ಹೇಳಿದರು, ನಾನು ಬರೆದುಕೊಂಡೆ. “ಕೇಳದ ಇಳದಾನ ಅಂತ ಬರೀಲೇನ್ರಿ?” ಎಂದು ಒಮ್ಮೆ ಕೇಳಿದೆ. “ಬರಿ,” ಎಂದರು. ನಾನು ತಲೆ ಎತ್ತಲಿಲ್ಲ. ಮುಖ ನೋಡಿದ್ದರೆ ಮುಂದಿನ ಸಾಲು ಬರೆಯಲು ಆಗುತ್ತಿರಲಿಲ್ಲ. ಅದು ಗೊತ್ತಿದ್ದೇ ತಲೆ ಎತ್ತಲಿಲ್ಲ. ಓದಿ ಮುಗಿದ ಮೇಲೆ ನೀನು ಆ ಹಾಳೆಯನ್ನು ಕೇಳಿ ಇಸಕೊಂಡು ಬಹಳ ಹೊತ್ತು ನೋಡಿದ್ದೆ. ನಾವಿಬ್ಬರೂ ಒಂದೇ ಪಾಟಿಯ ಮೇಲೆ ತಿದ್ದಿದವರು. ಅದಾದ ಎಂಟೇ ದಿನಕ್ಕೆ ನೀನು ಕೆಂಚನನ್ನು ಹಗ್ಗ ಹಾಕಿ ನಡೆಸಿಕೊಂಡು ಬಂದೆ. ನಮ್ಮ ಮನೆತನದಲ್ಲಿ ಹಿಂಡಿನ ನಾಯಿಯನ್ನು ಇಂದಿನವರೆಗೆ ಯಾರೂ ಯಾರಿಗೂ ಕೊಟ್ಟದ್ದಿಲ್ಲ. ಮರಿಲಿಂಗನನ್ನು ಹುಡುಕಿ ಅಳುತ್ತದೆ, ನಿಮ್ಮಲ್ಲಿರಲಿ ಎಂದೆ. ನಾನು ನಂಬಿದೆ. ಅಣ್ಣಾ, ಅದನ್ನು ನಮ್ಮ ಬಾಗಿಲಿಗೆ ಕಟ್ಟುವಾಗಲೇ ನಿನಗೆ ಗೊತ್ತಿತ್ತೇ?