ತಪ್ಪು ಕೊಂಡಿ ಮೊದಲೇ ಹೇಳಿತ್ತು

ಇಳಕಲ್ಲ, ೧೯೮೪

ಜಿಲ್ಲಾ ಆರೋಗ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ನನ್ನ ಹೆಂಡತಿ ಮುತ್ತವ್ವ ಕಾಮಾಲೆಯಿಂದ ತೀರಿಕೊಂಡಳು; ನಿಮ್ಮ ದವಾಖಾನೆಯ ಕಾಗದದಲ್ಲಿ ಮಾತ್ರ ಗುಣಮುಖಳಾಗಿದ್ದಾಳೆ. ದೂರು ಕೊಟ್ಟರೆ, ‘ಯಕೃತ್ತು ಹಠಾತ್ತನೆ ವಿಫಲವಾದ ರೋಗಿಗಳ ಗತಿಯನ್ನು ಮುಂಗಾಣಲಾಗದು’ ಎಂದು ತಮ್ಮ ಕಚೇರಿ ಉತ್ತರಿಸಿದೆ. ಆಗಲಿ. ಹಾಗಾದರೆ ನಿಮ್ಮ ಡಾಕ್ಟರು ಮುಂಗಂಡದ್ದು ಹೇಗೆ? ದವಾಖಾನೆಗೆ ಸೇರಿಸಿದ ಐದನೆಯ ದಿನ ಅವಳ ಹೊಟ್ಟೆ ಒತ್ತಿ ನೋಡಿ, "ಲಿವರಿನ ಬಾವು ಇಳದೈತಿ. ನಾಕ ದಿನದಾಗ ಮಗ್ಗಕ್ಕ ಕುಂಡ್ರತಾಳ, ಕರ್ಕೊಂಡ ಹೋಗ್ರಿ" ಎಂದವರು ಅವರೇ ಅಲ್ಲವೇ? ಒಳ್ಳೆಯ ಗತಿ ವೈದ್ಯಶಾಸ್ತ್ರಕ್ಕೆ ಕಾಣುತ್ತದೆ, ಕೆಟ್ಟದ್ದು ಕಾಣುವುದಿಲ್ಲ ಎಂದು ನಾವು ತಿಳಿಯಬೇಕೇ?

ನಾಲ್ಕು ದಿನ ಯಾಕೆ, ಮರುದಿನವೇ ಕುಳಿತಳು. ನಮ್ಮ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದೆಳೆಗಳು, ಬೇರೆ; ಸೆರಗಿನ ಕೆಂಪು ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಮೂವತ್ತು ವರ್ಷ ಆ ಕೆಲಸ ಮುತ್ತವ್ವನದು. ಹರಟುತ್ತ, ಕೈಯ ಕಡೆ ನೋಡದೆ ಹಾಕುವವಳು. ಅವತ್ತು ಒಂದೇ ಕೊಂಡಿಗೆ ಮೂರು ಎಳೆ ಸಿಕ್ಕಿಸಿದಳು. ಆಮೇಲೆ ಕೆಂಪಿಗೆ ಕೆಂಪನ್ನೇ ಕೂಡಿಸತೊಡಗಿದಳು. ಪಕ್ಕದ ಮನೆಯ ಲಕ್ಕವ್ವ ನೋಡಿ ನನ್ನನ್ನು ಹೊರಗೆ ಕರೆದಳು.

"ಅಣ್ಣಾ, ಈ ಕೈ ಮುತ್ತಕ್ಕಂದಲ್ಲ. ತಲಿಗೇನೋ ಆಗೈತಿ. ಗುಡೂರಿಂದ ಮಗಳನ್ನ ಇವತ್ತ ಕರಸ್ರಿ."

ಲಕ್ಕವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದ್ದರಿಂದ ನಾನು ಮೆಟ್ಟಿಲು ಹತ್ತಿದವರ ಬಳಿ ಓಡಿದೆ. ಡಾಕ್ಟರು ನಕ್ಕರು. "ನಾ ಲಿವರ್ ನೋಡ್ತೇನ್ರಿ, ಸೀರಿ ನೋಡೂದಿಲ್ಲ. ನಿತ್ರಾಣ ಐತಿ, ಮಲಗಲಿ." ನಂಬಿದೆ. ಮಗಳಿಗೆ ಹೇಳಿ ಕಳಿಸಲಿಲ್ಲ. ಆ ತಪ್ಪು ನನ್ನದು, ಅದನ್ನು ತಮ್ಮ ಇಲಾಖೆಯ ಮೇಲೆ ಹೊರಿಸುವುದಿಲ್ಲ.

ಎರಡು ದಿನಕ್ಕೆ ಏನೇನೋ ಬಡಬಡಿಸತೊಡಗಿದಳು; ಹುಬ್ಬಳ್ಳಿಗೆ ಒಯ್ದೆವು. ಅಲ್ಲಿಯ ಹಿರಿಯ ಡಾಕ್ಟರು ಮೆಲ್ಲಗೆ ಹೇಳಿದರು: "ಕಣ್ಣು ಹಳದಿ ಇದ್ಹಾಂಗ ಲಿವರ್ ಒಮ್ಮೆಲೆ ಸಣ್ಣದಾದ್ರ, ಮ್ಯಾಲ ಬುದ್ಧಿ ತಪ್ಪಿದ್ರ, ಅದು ಕೆಟ್ಟ ಸೂಚನಾರಿ. ಮೊದಲ ಬಂದಿದ್ರೂ ಉಳಸ್ತಿದ್ವಿ ಅನ್ನೂದಿಲ್ಲ. ಆದ್ರ ನಿಮಗ ಗೊತ್ತಾಗ್ತಿತ್ತು."

ಸುದ್ದಿ ತಿಳಿದು ಮಗಳು ಸಕ್ರವ್ವ ನೇರವಾಗಿ ಅಲ್ಲಿಗೇ ಬಂದಳು. ಮುತ್ತವ್ವ ಅವಳ ಸೆರಗು ಹಿಡಿದು, ಕೊಂಡಿಗಳ ಮೇಲೆ ಬೆರಳಾಡಿಸಿದಳು. "ಭಾಳ ಚಂದ ಐತಿ. ಯಾರ ನೇದಾರವ್ವಾ? ನೀ ಯಾರ ಪೈಕಿ?" ಅದು ಮಗಳ ಮದುವೆಗೆಂದು ಅವಳೇ ನೇಯ್ದ ಸೀರೆ. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಮಾನ್ಯರೇ, ಸಾಯುವವರನ್ನು ಉಳಿಸಿಕೊಡಿ ಎಂದು ಕೇಳುತ್ತಿಲ್ಲ. ಕಾಮಾಲೆಯವರನ್ನು ಮನೆಗೆ ಕಳಿಸುವ ಮುನ್ನ ಅವರ ಕೈಗೆ ಅವರದೇ ಕೆಲಸ ಕೊಟ್ಟು ನೋಡಿರಿ. ನೇಕಾರ್ತಿಗೆ ಎಳೆ ಕೊಡಿ, ಅಮೀನಗಡದ ಕರದಂಟಿನವನಿಗೆ ಬೆಲ್ಲದ ಪಾಕ ಹದ ನೋಡಲು ಹೇಳಿ. ಇದಕ್ಕೆ ಯಂತ್ರ ಬೇಡ, ಸಮಿತಿಯೂ ಬೇಡ. ಕೈ ತಪ್ಪಿದರೆ ‘ಗುಣಮುಖ’ ಎಂದು ಬರೆಯುವ ಪೆನ್ನನ್ನು ಕೆಳಗಿಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸಿರಿ, ಮಕ್ಕಳನ್ನು ಕರೆಸಿ ಎಂದು ಹೇಳಿರಿ. ತಾಯಿಗೆ ಇನ್ನೂ ಅವರ ಗುರುತು ಇರುವಾಗ ಹೇಳಿರಿ.

ತನಿಖೆಗೆ ಯಾರಾದರೂ ಬರುವುದಾದರೆ ಬರಲಿ. ಆ ಕೊಂಡಿಗಳನ್ನು ನಾನು ಬಿಚ್ಚಿಲ್ಲ. ಮಗ್ಗದ ಮೇಲೇ ಇವೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಇನ್ನೂ ಹೆಂಡತಿಯುಳ್ಳ
ರಾಮಲಿಂಗಪ್ಪ, ನೇಕಾರ