ಚಕ್ರ ಉರುಳಿದ ಮೇಲೆ ಒಂದು ರಿಂಗ್

ಪ್ರೀತಿಯ ಅಕ್ಕ,

ಫೋನ್ ಇರುವಾಗ ಕಾಗದ ಯಾಕೆ ಬರೆದಳು ಇವಳು ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಿ ಬೈಯಲು ಹೊರಟರೆ ನೀವು ನಗುತ್ತೀರಿ, ನೀವು ನಕ್ಕರೆ ನನ್ನ ಸಿಟ್ಟು ಅಲ್ಲಿಗೇ ಮುಗಿಯುತ್ತದೆ. ಈ ಸಲ ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು.

ನಿಮ್ಮ ಸ್ಟೇಷನ್ನಿನಲ್ಲಿ ಹತ್ತುವ ದರ್ಜಿಯಮ್ಮ ನಿನ್ನೆ ಸಂಜೆ ರೈಲುಗಾಡಿಯಲ್ಲಿ ಸಿಕ್ಕಿದ್ದರು. "ಅಕ್ಕ ರಿಟೈರ್ ಆಗಿ ನಾಲ್ಕು ತಿಂಗಳಾಯ್ತಲ್ಲ! ಆದ್ರೂ ದಿನಾ ಬೆಳಿಗ್ಗೆ ಬಂದು ಬೆಂಚ್ ಮೇಲೆ ಕೂತಿರ್ತಾರೆ. ಗಾಡಿ ಹೊರಟ ಮೇಲೆ ಯಾರಿಗೋ ಫೋನ್ ಒತ್ತಿ, ಕುಂಟ್ಕೊಂಡು ಮನೆಗೆ ಹೋಗ್ತಾರೆ" ಎಂದರು. ಆ ಯಾರೋ ನಾನೇ, ಅಕ್ಕ.

ಎಷ್ಟು ಚೆನ್ನಾಗಿ ಕಣ್ಣಿಗೆ ಮಣ್ಣೆರಚಿದಿರಿ! ಸಂಜೆ ಯಾಕೆ ಕಾಣುವುದಿಲ್ಲ ಎಂದು ಕೇಳಿದ್ದಕ್ಕೆ, ಆಸ್ಪತ್ರೆಯಲ್ಲಿ ಶಿಫ್ಟ್ ಬದಲಾಯ್ತು, ಸಂಜೆ ಒಂದು ಗಾಡಿ ಮೊದಲೇ ವಾಪಸು ಹೋಗ್ತೀನಿ ಅಂದಿರಿ. ಬೆಳಗಿನ ನೂಕುನುಗ್ಗಲಿನಲ್ಲಿ ನೀವೊಂದು ಡಬ್ಬಿ, ನಾನೊಂದು ಡಬ್ಬಿ, ಮುಖ ಕಾಣುವುದೇ ಇಲ್ಲ, ಹಾಗಾಗಿ ನನಗೆ ಅನುಮಾನವೂ ಬರಲಿಲ್ಲ.

ನೀವು ಮೊದಲು ಮಾತಾಡಿಸಿದ ಸಂಜೆ ನಾನು ಕಿಟಕಿಗೆ ಮುಖ ಮಾಡಿ ಅಳುತ್ತಿದ್ದೆ. ನನ್ನ ಮಗಳಿಗೆ ಮಾತು ತಡೆತಡೆದು ಬರುತ್ತದೆ. ರಾತ್ರಿ ಕಂಡ ಕನಸನ್ನು ಬೆಳಿಗ್ಗೆಯೇ ಹೇಳಬೇಕು, ಸಂಜೆಗೆ ಮರೆತಿರುತ್ತಾಳೆ. ಆದರೆ ನನ್ನ ಕಣ್ಣು ಗಡಿಯಾರದ ಮೇಲೆ. ನಾನು ಆ ಕಡೆ ನೋಡಿದರೆ ಸಾಕು, ಅವಳ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅವತ್ತು "ನೀ... ನೀನು ಹೋಗಮ್ಮ" ಎಂದು ಅವಳೇ ಎದ್ದುಹೋಗಿದ್ದಳು. ನಾನು ಓಡಿ ಸ್ಟೇಷನ್ ಮುಟ್ಟಿದರೆ ಗಾಡಿ ಮುಕ್ಕಾಲು ಗಂಟೆ ತಡ.

ಹೇಗೆ ಗೊತ್ತಾಗಬೇಕು ಹೇಳಿ? ಸ್ಟೇಷನ್ನಿನ ಫಲಕಕ್ಕೆ ವೇಳಾಪಟ್ಟಿ ಬಾಯಿಪಾಠ, ಗಾಡಿ ಎಲ್ಲಿದೆ ಅಂತ ಮಾತ್ರ ತಿಳಿಯದು. ಫೋನಿನಲ್ಲಿ ನೋಡಿದರೂ ಅದೇ ಗಿಣಿಪಾಠ. ತಡವಾಗಿ ಹೊರಡೋಣವೆಂದರೆ ಗಾಡಿ ಅವತ್ತೇ ಸರಿಯಾದ ಹೊತ್ತಿಗೆ ಬಂದು ಹೋಗಿರುತ್ತದೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನನ್ನ ಕೆಲಸವೂ ಅದರ ಹಿಂದೆಯೇ ಹೋಗುತ್ತದೆ.

ನೀವು ಎಲ್ಲ ಕೇಳಿಸಿಕೊಂಡು, "ಗಾಡಿ ನಮ್ಮಲ್ಲಿಂದ್ಲೇ ತಾನೇ ಹೊರಡೋದು? ಹೊರಟ ತಕ್ಷಣ ಒಂದು ರಿಂಗ್ ಕೊಡ್ತೀನಿ. ಎತ್ತಬೇಡ. ಅಲ್ಲೀವರೆಗೂ ಗಡಿಯಾರ ನೋಡಿದ್ರೆ ಕಿವಿ ಹಿಂಡ್ತೀನಿ" ಅಂದಿರಿ. ನಿಮ್ಮಲ್ಲಿಂದ ನಮ್ಮಲ್ಲಿಗೆ ಮೂವತ್ತೊಂದು ನಿಮಿಷ, ಮನೆಯಿಂದ ಸ್ಟೇಷನ್ನಿಗೆ ಒಂಬತ್ತು. ಉಳಿದದ್ದೆಲ್ಲ ನನ್ನ ಮಗಳದು.

ಒಂದೇ ಒಂದು ಸಲ ಎಡವಿದಿರಿ. ಸಿಗ್ನಲ್ ಹಸಿರಾಯಿತೆಂದು ರಿಂಗ್ ಕೊಟ್ಟಿರಿ, ಗಾಡಿ ಅಲ್ಲಾಡಲೇ ಇಲ್ಲ. ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಣಗಿದೆ. "ತಪ್ಪಾಯ್ತು ಕಣೇ, ಚಕ್ರ ಉರುಳೋವರೆಗೂ ಯಾರನ್ನೂ ನಂಬಬಾರದು" ಎಂದು ಒಂದು ವಾರ ಪೇಚಾಡಿದ್ದಿರಿ. ಅಂಥವರು ನೋಯುವ ಮಂಡಿಯಲ್ಲಿ ದಿನಾ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಿರಿ ಎಂದು ನನಗೆ ತಿಳಿದದ್ದೇ ನಿನ್ನೆ. ನನ್ನ ಹೆತ್ತವರೂ ನನಗೆ ಇಷ್ಟು ಮಾಡಿರಲಿಲ್ಲ, ಅಕ್ಕ.

ಸಾಕು, ಇನ್ನು ಬರಬೇಡಿ. ಈ ಕಾಗದ ಸಿಕ್ಕ ಮರುದಿನದಿಂದ ದರ್ಜಿಯಮ್ಮ ರಿಂಗ್ ಕೊಡುತ್ತಾರೆ, ಒಪ್ಪಿಸಿದ್ದೇನೆ. ಗಾಡಿ ಈಗ ಎಲ್ಲಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ತೋರಿಸುವ ವ್ಯವಸ್ಥೆ ಮಾಡಿ ಎಂದು ನಾವು ಮುನ್ನೂರು ಜನ ಸಹಿ ಹಾಕಿ ರೈಲ್ವೆ ಕಚೇರಿಗೆ ಅರ್ಜಿಯನ್ನೂ ಕೊಟ್ಟಿದ್ದೇವೆ. ಅದು ಯಾವ ಮೇಜಿನವರೆಗೆ ಬಂದಿದೆ ಎಂದು ಕೇಳಿದರೆ ಅದೂ ಅವರಿಗೆ ಗೊತ್ತಿಲ್ಲವಂತೆ. ನಗಬೇಡಿ. ವಾರಕ್ಕೊಮ್ಮೆ ಹೋಗಿ ಅವರ ತಲೆ ತಿನ್ನುತ್ತಿದ್ದೇನೆ, ಬಿಡುವುದಿಲ್ಲ.

ನೀವು ಬೆಂಚಿನ ಮೇಲೆ ಕಾಯುತ್ತಿದ್ದ ವಿಷಯ ಮಗಳಿಗೆ ಹೇಳಿದೆ. ನನ್ನ ಫೋನನ್ನು ಕೈಗೆ ತೆಗೆದುಕೊಂಡಳು. ಆಮೇಲೆ, "ರಿಂಗ್ ಅಜ್ಜಿಗೆ ನಾ... ನಾನೇ ಫೋನ್ ಮಾಡ್ತೀನಿ" ಅಂದಳು. ಅಕ್ಕ, ಇವಳು ಇದುವರೆಗೆ ಫೋನಿನಲ್ಲಿ ಯಾರ ಜೊತೆಯೂ ಮಾತಾಡಿದವಳಲ್ಲ. ಹಡಗಿನ ಕೆಲಸದಲ್ಲಿರುವ ಅವಳಪ್ಪ ಫೋನ್ ಮಾಡಿದರೂ ಬರೀ ತಲೆಯಾಡಿಸುತ್ತಾಳೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾಡುತ್ತಾಳಂತೆ. ಈ ಸಲ ಎತ್ತಿ. ಮೊದಲು ಸ್ವಲ್ಪ ಹೊತ್ತು ಏನೂ ಕೇಳಿಸದಿರಬಹುದು. ಲೈನ್ ಕಟ್ಟಾಯಿತೆಂದು ಇಟ್ಟುಬಿಡಬೇಡಿ, ಪದ ನೀವೇ ಹೇಳಿಕೊಡಲೂ ಹೋಗಬೇಡಿ. ಅವಳು ಹೊರಟಿರುತ್ತಾಳೆ, ದಾರಿಯಲ್ಲಿರುತ್ತಾಳೆ.

ನಿಮ್ಮ ಮಂಡಿ ಬೇಗ ಗುಣವಾಗಲಿ, ನಿಮ್ಮ ಬೆಳಗುಗಳು ಇನ್ನು ನಿಮ್ಮವೇ ಆಗಲಿ.

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ಕನ್ನಡಕದ ಹುಡುಗಿ